ಹತ್ತು ಸೆಕೆಂಡಿನ ದಮ್ಮು

(ಶಾಲಾ ಪಿ.ಟಿ. ಮೇಷ್ಟ್ರುಗಳು, ಫುಟ್‌ಬಾಲ್ ಕೋಚ್‌ಗಳು ಮತ್ತು ಒಂದಿಷ್ಟು ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು, ನಿದ್ದೆ ಬರುವ ಸಮಯ. ಅದಕ್ಕೇ ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಓಡಿಸಿ ದಮ್ಮು ಅಳೆಯುವ ಯೋ-ಯೋ ಟೆಸ್ಟ್ ಅಂದ ತಕ್ಷಣ ಯಾವ ಆಟ ನೆನಪಿಗೆ ಬರುತ್ತದೆ?

ನೋಡಿ, ಫುಟ್‌ಬಾಲ್ ಕೋಚ್‌ಗಳೇ ಕೂತಿರುವ ಸಭೆಯಲ್ಲೂ ಮುಕ್ಕಾಲು ಪಾಲು ಜನ ಕ್ರಿಕೆಟ್ ಅಂದಿರಿ! ತಪ್ಪೇನಿಲ್ಲ ಬಿಡಿ. 2018ರ ಜೂನ್‌ನಲ್ಲಿ ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಅಫ್ಘಾನಿಸ್ತಾನ ತನ್ನ ಮೊಟ್ಟಮೊದಲ ಟೆಸ್ಟ್ ಪಂದ್ಯ ಆಡಿತು. ಆ ಪಂದ್ಯಕ್ಕೆ ಮೊಹಮ್ಮದ್ ಶಮಿ ಇರಲಿಲ್ಲ. ಯೋ-ಯೋದಲ್ಲಿ ಪಾಸಾಗಿರಲಿಲ್ಲ. ಅದೇ ತಿಂಗಳು ಅದೇ ಕಾರಣಕ್ಕೆ ಅಂಬಟಿ ರಾಯುಡು ಇಂಗ್ಲೆಂಡಿಗೆ ಹೋಗಬೇಕಿದ್ದ ಏಕದಿನ ತಂಡದಿಂದ ಹೊರಬಿದ್ದರು. ಆಗ ಪಾಸು ಗೆರೆ 16.1 ಇತ್ತು (ಈ ಅಂಕಿಯ ಅರ್ಥ ಆಮೇಲೆ ಹೇಳುತ್ತೇನೆ). 2023ರಲ್ಲಿ ಬೆಂಗಳೂರಿನ ಹೊರಗಿನ ಆಲೂರು ಕ್ಯಾಂಪಿನಿಂದ ವಿರಾಟ್ ಕೊಹ್ಲಿ ತಮ್ಮ ಸ್ಕೋರ್ 17.2 ಅಂತ ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಅಲ್ಲಿಗೆ ಟೀ ಅಂಗಡಿಯಲ್ಲಿ ಕೂತವರೂ ಯೋ-ಯೋ ಪಂಡಿತರಾದರು.

ಆದರೆ ಈ ಕೂಸು ಹುಟ್ಟಿದ್ದು ಫುಟ್‌ಬಾಲ್ ಮನೆಯಲ್ಲಿ. ಡೆನ್ಮಾರ್ಕ್‌ನ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಯೆನ್ಸ್ ಬ್ಯಾಂಗ್ಸ್‌ಬೋ ಅನ್ನುವ ಶರೀರಶಾಸ್ತ್ರದ ಪ್ರೊಫೆಸರ್ ಇದ್ದಾರೆ. ಸ್ವತಃ ಫುಟ್‌ಬಾಲ್ ಆಡಿದವರು. ಮುಂದೆ ಇಟಲಿಯ ಯುವೆಂಟಸ್ ತಂಡದಲ್ಲಿ ಸಹಾಯಕ ಕೋಚ್ ಕೂಡ ಆಗಿದ್ದರು. 1990ರ ದಶಕದಲ್ಲಿ ಯೋ-ಯೋ ಪರೀಕ್ಷೆಗಳನ್ನು ರೂಪಿಸಿದ್ದು ಅವರು. ಯಾಕೆ ರೂಪಿಸಿದರು ಅನ್ನೋದು ಗೊತ್ತಾದರೆ ಪರೀಕ್ಷೆ ಅರ್ಧ ಅರ್ಥವಾದ ಹಾಗೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ದಮ್ಮು ಅಳೆಯುವ ಹಳೆಯ ದಾರಿ ಅಂದರೆ ಸುತ್ತು ಹೊಡೆಸುವುದು. ಅಮೆರಿಕದ ವಾಯುಪಡೆಯ ವೈದ್ಯರಾಗಿದ್ದ ಕೆನೆತ್ ಕೂಪರ್ 1968ರಲ್ಲಿ 12 ನಿಮಿಷದ ಓಟದ ಪರೀಕ್ಷೆ ಪ್ರಕಟಿಸಿದರು. ಹನ್ನೆರಡು ನಿಮಿಷದಲ್ಲಿ ಎಷ್ಟು ದೂರ ಓಡುತ್ತೀಯೋ ಓಡು, ಅಷ್ಟೇ. ನಮ್ಮಲ್ಲಿ ಈಗಲೂ ಎಷ್ಟೋ ಮೈದಾನಗಳಲ್ಲಿ ಇದೇ ನಡೆಯುತ್ತದೆ. ಇದರಲ್ಲಿ ಒಂದು ತೊಂದರೆ ಇದೆ. ಹುಡುಗನಿಗೆ ತನ್ನ ವೇಗ ತಾನೇ ನಿಭಾಯಿಸಲು ಬರಬೇಕು. ಮೊದಲ ಸುತ್ತು ಕುದುರೆ ಥರ ಓಡಿ, ಮೂರನೇ ಸುತ್ತಿಗೆ ಸೊಂಟದ ಮೇಲೆ ಕೈ ಇಟ್ಟು ನಡೆಯುವ ಹುಡುಗರನ್ನು ನೀವೆಲ್ಲ ನೋಡಿದ್ದೀರಿ. ಅವರಿಗೆ ದಮ್ಮು ಇಲ್ಲ ಅಂತಲ್ಲ, ಲೆಕ್ಕ ಬರಲ್ಲ.

ಆ ಲೆಕ್ಕವನ್ನು ಹುಡುಗನ ತಲೆಯಿಂದ ತೆಗೆದು ಕ್ಯಾಸೆಟ್ಟಿಗೆ ಹಾಕಿದವರು ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಲ್ಯೂಕ್ ಲೆಜೇ. 1982ರಲ್ಲಿ ಅವರ 20 ಮೀಟರ್ ಶಟಲ್ ಓಟದ ಪರೀಕ್ಷೆ ಬಂತು. 1988ರಲ್ಲಿ ಅದರ ಒಂದೊಂದು ನಿಮಿಷದ ಹಂತಗಳಿರುವ ರೂಪ ಪ್ರಕಟವಾಯಿತು. ನಾವು ಬೀಪ್ ಟೆಸ್ಟ್ ಅನ್ನುವುದು ಇದನ್ನೇ. ಎರಡು ಗೆರೆ, ನಡುವೆ 20 ಮೀಟರ್. ಬೀಪ್ ಅಂದಾಗ ಗೆರೆಯ ಮೇಲಿರಬೇಕು. ಶುರುವಿನ ವೇಗ ಗಂಟೆಗೆ 8.5 ಕಿಲೋಮೀಟರ್. ಪ್ರತಿ ನಿಮಿಷಕ್ಕೆ ಅರ್ಧ ಕಿಲೋಮೀಟರ್ ಏರುತ್ತದೆ. ನಿಲ್ಲುವ ಹಾಗಿಲ್ಲ. ಟ್ರ್ಯಾಕ್ ಬೇಡ, ದೊಡ್ಡ ಮೈದಾನ ಬೇಡ, ಶಾಲೆಯ ಅಂಗಳ ಸಾಕು. ಸಾಮಾನ್ಯ ಫಿಟ್‌ನೆಸ್ ನೋಡಲು ಇವತ್ತಿಗೂ ಇದು ಒಳ್ಳೆಯ ಪರೀಕ್ಷೆ.

ಫುಟ್‌ಬಾಲ್‌ನವರಿಗೆ ಇಲ್ಲೊಂದು ಕೊರತೆ ಕಂಡಿತು. ಪಂದ್ಯದಲ್ಲಿ ಯಾರೂ ಹೀಗೆ ಒಂದೇ ಸಮ ಓಡಲ್ಲ, ಅಲ್ವಾ? ತೊಂಬತ್ತು ನಿಮಿಷದಲ್ಲಿ ಗೋಲಿಯನ್ನು, ಅಂದರೆ ಗೋಲ್‌ಕೀಪರನ್ನು ಬಿಟ್ಟು ಉಳಿದವರು ಸುಮಾರು 10ರಿಂದ 13 ಕಿಲೋಮೀಟರ್ ಓಡುತ್ತಾರೆ. ಆದರೆ ಅದರಲ್ಲಿ ನಡಿಗೆ ಇದೆ, ಜಾಗಿಂಗ್ ಇದೆ, ಸುಮ್ನೆ ನಿಲ್ಲುವುದೂ ಇದೆ. ನಿಲ್ಲುವುದು, ತಿರುಗುವುದು, ಮತ್ತೆ ಹಾರುವ ಹಾಗೆ ಓಡುವುದು ಎಲ್ಲ ಸೇರಿ ಒಂದು ಪಂದ್ಯದಲ್ಲಿ ಸಾವಿರಕ್ಕೂ ಹೆಚ್ಚು ಸಲ ಗತಿ ಬದಲಾಗುತ್ತದೆ. ಹಾಗಾದರೆ ನೋಡಬೇಕಾದ್ದು ಏನು? ಒಂದು ಓಟ ಮುಗಿದ ಮೇಲೆ ಎಷ್ಟು ಬೇಗ ಇನ್ನೊಂದಕ್ಕೆ ಸಿದ್ಧನಾಗುತ್ತಾನೆ ಅನ್ನೋದು.

ಬ್ಯಾಂಗ್ಸ್‌ಬೋ ಮಾಡಿದ ಬದಲಾವಣೆ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. 20 ಮೀಟರ್ ಹೋಗು, ತಿರುಗು, 20 ಮೀಟರ್ ಬಾ. ಆಮೇಲೆ 10 ಸೆಕೆಂಡು ಬಿಡುವು. ಆ ಬಿಡುವಿನಲ್ಲಿ ಹಿಂದೆ 5 ಮೀಟರ್ ದೂರದಲ್ಲಿಟ್ಟ ಕೋನ್ ಸುತ್ತಿ ಮೆಲ್ಲಗೆ ಬಂದು ಗೆರೆಯ ಮೇಲೆ ನಿಲ್ಲು. ಮತ್ತೆ ಬೀಪ್. ಇದರ ಪೂರ್ತಿ ಹೆಸರು ಯೋ-ಯೋ ಇಂಟರ್ಮಿಟೆಂಟ್ ರಿಕವರಿ ಟೆಸ್ಟ್. ಇದರಲ್ಲಿ ಎರಡು ಮಟ್ಟಗಳಿವೆ. ಮೊದಲನೆಯದು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಶುರುವಾಗುತ್ತದೆ, ಎರಡನೆಯದು 13ರಲ್ಲಿ. ಎರಡನೆಯದು ಪಳಗಿದವರಿಗೆ. ನಾನು ಇವತ್ತು ಮಾತಾಡುವುದೆಲ್ಲ ಮೊದಲನೆಯದರ ಬಗ್ಗೆ.

ಇಲ್ಲಿ ಅಂಕಿಗಳ ಒಂದು ಗೊಂದಲ ಬಿಡಿಸಬೇಕು. 16.1 ಅಂದರೆ ದಶಮಾಂಶ ಅಲ್ಲ. ನಮ್ಮ ಬಡಾವಣೆಗಳ ವಿಳಾಸ ಇದ್ದ ಹಾಗೆ: ಹದಿನಾರನೇ ಕ್ರಾಸ್, ಒಂದನೇ ಮನೆ. ಕ್ರಾಸ್ ಅಂದರೆ ವೇಗದ ಹಂತ, ಮನೆ ಅಂದರೆ ಆ ವೇಗದಲ್ಲಿ ಎಷ್ಟನೇ ಓಟ ಅಂತ. ಮೊದಮೊದಲಿನ ಕ್ರಾಸ್‌ಗಳಲ್ಲಿ ಮನೆ ಕಮ್ಮಿ. ಎಣಿಕೆ ಶುರುವಾಗುವುದೇ ಹಂತ 5ರಿಂದ, ಅದರಲ್ಲಿ ಒಂದು ಓಟ, ಅಲ್ಲಿಂದ ನೇರ 9ಕ್ಕೆ ಹಾರಿ ಅಲ್ಲೂ ಒಂದು, 11ರಲ್ಲಿ ಎರಡು, 12ರಲ್ಲಿ ಮೂರು, 13ರಲ್ಲಿ ನಾಲ್ಕು. ಹಂತ 14ರಿಂದ ಮುಂದಕ್ಕೆ ಪ್ರತಿ ಹಂತದಲ್ಲೂ ಎಂಟೆಂಟು. ಹಾಗಾಗಿ 16.8 ಆದ ಮೇಲೆ ಬರುವುದು 17.1. 16.9 ಅನ್ನುವ ಮನೆಯೇ ಇಲ್ಲ. ತಂಡದ ಸರಾಸರಿ 16.45 ಅಂತ ಬರೆದಿಟ್ಟ ನೋಟ್‌ಬುಕ್ ನೋಡಿ ನಗು ಬಂದಿತ್ತು ನನಗೆ. ಸುಮ್ನೆ ಮೀಟರ್‌ನಲ್ಲಿ ಬರೆದುಕೊಳ್ಳಿ. ಒಂದು ಓಟಕ್ಕೆ 40 ಮೀಟರ್. 16.1 ಅಂದರೆ 1120 ಮೀಟರ್, 17.2 ಅಂದರೆ 1480 ಮೀಟರ್.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ: "ಬರೀ 1120 ಮೀಟರಾ ಸಾರ್? ನಮ್ಮ ಹುಡುಗರು ಬೆಳಿಗ್ಗೆ ಐದು ಕಿಲೋಮೀಟರ್ ಓಡ್ತಾರೆ." ಒಳ್ಳೆಯ ಪ್ರಶ್ನೆ. ಒಂದು ಸಣ್ಣ ಲೆಕ್ಕ ಮಾಡೋಣ. 16.1 ಮುಟ್ಟಲು 28 ಓಟ ಬೇಕು. ಆ 28 ಓಟಗಳ ಸಮಯ ಕೂಡಿಸಿದರೆ ಸುಮಾರು 287 ಸೆಕೆಂಡು. ನಡುವಿನ 27 ಬಿಡುವುಗಳು 270 ಸೆಕೆಂಡು. ಒಟ್ಟು ಒಂಬತ್ತು ನಿಮಿಷದ ಮೇಲೆ ಸ್ವಲ್ಪ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಸಮಯ ಹುಡುಗ ಓಡುತ್ತಲೇ ಇಲ್ಲ! ಆ ಅರ್ಧದಲ್ಲೇ ಅವನು ಪಾಸೋ ಫೇಲೋ ಅನ್ನೋದು ನಿರ್ಧಾರವಾಗುತ್ತದೆ.

ಹೇಗೆ ಅಂದರೆ, ನಮ್ಮ ಸ್ನಾಯುವಿನೊಳಗೆ ಫಾಸ್ಫೋಕ್ರಿಯೇಟಿನ್ ಅಂತ ಒಂದು ಪದಾರ್ಥ ಇರುತ್ತದೆ. ಅದನ್ನು ಬಚ್ಚಲಿನ ಚೊಂಬು ಅಂದುಕೊಳ್ಳಿ. ತಟ್ಟನೆ ಎತ್ತಿ ಸುರಿದುಕೊಳ್ಳಬಹುದು, ಆದರೆ ಚಿಕ್ಕದು. ಜೋರಾಗಿ ಓಡಿದರೆ ಕೆಲವೇ ಸೆಕೆಂಡಿನಲ್ಲಿ ಇಳಿದುಬಿಡುತ್ತದೆ. ಅದನ್ನು ಮತ್ತೆ ತುಂಬಿಸುವ ನಲ್ಲಿ ಅಂದರೆ ಉಸಿರು, ರಕ್ತದ ಮೂಲಕ ಬರುವ ಆಮ್ಲಜನಕ. ಖಾಲಿಯಾದ ಚೊಂಬು ಅರ್ಧ ತುಂಬಲು ಇಪ್ಪತ್ತು ಮೂವತ್ತು ಸೆಕೆಂಡು ಬೇಕು. ಪರೀಕ್ಷೆ ಕೊಡುವುದು ಹತ್ತೇ ಸೆಕೆಂಡು. ಮೊದಲು ನಿಧಾನದ ಓಟಗಳಿರುವಾಗ ಚೊಂಬಿನಿಂದ ಹೆಚ್ಚು ಹೋಗಲ್ಲ, ನಲ್ಲಿಯೇ ಸಾಕಾಗುತ್ತದೆ. ವೇಗ ಏರಿದ ಹಾಗೆ ಪ್ರತಿ ಸಲ ಸ್ವಲ್ಪ ಜಾಸ್ತಿ ಖಾಲಿ, ತುಂಬುವುದು ಮಾತ್ರ ಅದೇ ಹತ್ತು ಸೆಕೆಂಡು. ಸಾಲ ಬೆಳೆಯುತ್ತಾ ಹೋಗುತ್ತದೆ. ಒಂದು ಹೊತ್ತಿನಲ್ಲಿ ಬೀಪ್ ಮುಂದೆ, ಹುಡುಗ ಹಿಂದೆ.

ಬೆಳಿಗ್ಗೆ ಐದು ಕಿಲೋಮೀಟರ್ ಓಡುವ ಹುಡುಗನಿಗೆ ನಲ್ಲಿ ಚೆನ್ನಾಗಿರಬಹುದು. ಆದರೆ ಚೊಂಬು ಖಾಲಿ ಮಾಡಿ, ತುಂಬಿ, ಮತ್ತೆ ಖಾಲಿ ಮಾಡುವ ಅಭ್ಯಾಸ ಅವನಿಗಿಲ್ಲ. ಜೊತೆಗೆ 180 ಡಿಗ್ರಿ ತಿರುಗುವಿಕೆ. ನಿಲ್ಲಿಸುವುದಕ್ಕೂ ಶಕ್ತಿ ಬೇಕು, ಮತ್ತೆ ಹೊರಡುವುದಕ್ಕೂ ಬೇಕು. ಮೈ ಭಾರ ಇರುವವರಿಗೆ ಇದು ಇನ್ನೂ ದುಬಾರಿ.

ಇದಕ್ಕೂ ಪಂದ್ಯಕ್ಕೂ ಸಂಬಂಧ ಇದೆಯಾ? ಇದೆ. ಇದಕ್ಕೆ ನಾನು ಮತ್ತೆ ಮತ್ತೆ ಹೇಳುವ ಉದಾಹರಣೆ 2003ರ ಒಂದು ಅಧ್ಯಯನ. ಮೋರ್, ಕ್ರುಸ್ಟ್ರುಪ್ ಅನ್ನುವ ಸಂಶೋಧಕರು ಬ್ಯಾಂಗ್ಸ್‌ಬೋ ಜೊತೆ ಸೇರಿ ಮಾಡಿದ್ದು. ಅತ್ಯುನ್ನತ ಮಟ್ಟದ ಆಟಗಾರರನ್ನೂ, ಅವರಿಗಿಂತ ಒಂದು ಮೆಟ್ಟಿಲು ಕೆಳಗಿನ ವೃತ್ತಿಪರ ಆಟಗಾರರನ್ನೂ ಹೋಲಿಸಿದರು. ಪಂದ್ಯದಲ್ಲಿ ಮೇಲಿನವರು ಓಡಿದ್ದು 10.86 ಕಿಲೋಮೀಟರ್, ಕೆಳಗಿನವರು 10.33. ವ್ಯತ್ಯಾಸ ಅರ್ಧ ಕಿಲೋಮೀಟರ್ ಅಷ್ಟೇ. ಆದರೆ ಜೋರಾಗಿ ಓಡಿದ ದೂರ ನೋಡಿ: 2.43 ಮತ್ತು 1.90. ಇಲ್ಲೂ ಅದೇ ಅರ್ಧ ಕಿಲೋಮೀಟರ್! ಅಂದರೆ ಮೇಲಿನವರು ಹೆಚ್ಚಿಗೆ ಓಡಿದ್ದೆಲ್ಲ ಜೋರಿನ ಓಟದಲ್ಲೇ. ಯೋ-ಯೋದಲ್ಲಿ ಅವರ ಸರಾಸರಿ 2.26 ಕಿಲೋಮೀಟರ್, ಕೆಳಗಿನವರದ್ದು 2.04. ಇನ್ನೊಂದು ಸಂಗತಿಯೂ ಅಲ್ಲೇ ಇದೆ. ಪಂದ್ಯದ ಯಾವುದೇ ಐದು ನಿಮಿಷ ತುಂಬಾ ಬಿರುಸಾಗಿ ಓಡಿದರೆ, ಅದರ ಮುಂದಿನ ಐದು ನಿಮಿಷ ಆಟಗಾರ ತನ್ನ ಸರಾಸರಿಗಿಂತ ಕೆಳಗೆ ಇಳಿಯುತ್ತಾನೆ. ಎದುರಾಳಿ ಕೋಚ್ ಕಾಯುವುದು ಇದನ್ನೇ.

ಈಗ ನಾನು ಜಗಳ ಆಡುವ ಜಾಗಕ್ಕೆ ಬಂದೆ. ಪಾಸು ಗೆರೆ.

ಎಲ್ಲಿ ಹೋದರೂ ಕೇಳುವ ಮೊದಲ ಪ್ರಶ್ನೆ ಇದೇ: "ಅಂಡರ್-17ಕ್ಕೆ ಎಷ್ಟು ಇಡಬೇಕು ಸಾರ್? ಎಷ್ಟಕ್ಕಿಂತ ಕೆಳಗಿದ್ದರೆ ಕೈಬಿಡಬೇಕು?" ಪೀಟರ್ ಕ್ರುಸ್ಟ್ರುಪ್ ಮತ್ತು ಸಂಗಡಿಗರು 2003ರಲ್ಲೇ ಈ ಪರೀಕ್ಷೆಯನ್ನೇ ಪರೀಕ್ಷಿಸಿದರು. ಅದೇ ಆಟಗಾರರಿಗೆ ಅದೇ ಪರೀಕ್ಷೆಯನ್ನು ಎರಡು ಸಲ ಕೊಟ್ಟರೆ ಎಷ್ಟು ಹೆಚ್ಚುಕಮ್ಮಿ ಆಗುತ್ತದೆ ಅಂತ. ಬಂದ ಉತ್ತರ 4.9 ಪರ್ಸೆಂಟ್. 1100 ಮೀಟರ್‌ಗೆ ಅದು ಐವತ್ತು ಮೀಟರ್‌ಗಿಂತ ಜಾಸ್ತಿಯಾಯಿತು. 15.8ಕ್ಕೂ 16.1ಕ್ಕೂ ಇರುವ ಅಂತರ 40 ಮೀಟರ್. ಅಂದರೆ ಇವತ್ತು ಫೇಲಾದವನು ಏನೂ ಬದಲಾಗದೆ ನಾಳೆ ಪಾಸಾಗಬಹುದು. ಇವತ್ತು ಪಾಸಾದವನು ರಾತ್ರಿ ಬಸ್ಸಲ್ಲಿ ನಿದ್ದೆಗೆಟ್ಟು ಬಂದರೆ ನಾಳೆ ಫೇಲಾಗಬಹುದು. ಒಂದು ಓಟದ ಮೇಲೆ ಹುಡುಗನ ಹಣೆಬರಹ ಬರೆಯುವುದು ನ್ಯಾಯವಾ?

ಇನ್ನೊಂದು ಉದಾಹರಣೆ. 2005ರಲ್ಲಿ ಇದೇ ಡೆನ್ಮಾರ್ಕ್ ಗುಂಪು ತಮ್ಮ ದೇಶದ ಉನ್ನತ ಮಟ್ಟದ ಮಹಿಳಾ ಆಟಗಾರ್ತಿಯರನ್ನು ಪರೀಕ್ಷಿಸಿತು. ಸರಾಸರಿ 1379 ಮೀಟರ್. ಆದರೆ ಕನಿಷ್ಠ 600, ಗರಿಷ್ಠ 1960! ಎಲ್ಲರೂ ಅದೇ ಮಟ್ಟದಲ್ಲಿ ಆಡುವವರೇ. ಹೆಚ್ಚು ಓಡಿದವರು ಪಂದ್ಯದ ಪ್ರತಿ ಅರ್ಧದ ಕೊನೆಯ ಕಾಲು ಗಂಟೆಯಲ್ಲೂ ಹೆಚ್ಚು ಜೋರಾಗಿ ಓಡಿದರು, ಅದು ನಿಜ. ಆದರೆ 1000ಕ್ಕೆ ಗೆರೆ ಎಳೆದಿದ್ದರೆ ಆ 600 ಮೀಟರ್‌ನ ಆಟಗಾರ್ತಿ ಮನೆಗೆ ಹೋಗಬೇಕಿತ್ತು. ಅವಳ ಕಾಲಲ್ಲಿ ಏನು ಚಮತ್ಕಾರ ಇತ್ತೋ, ಗೆರೆಗೆ ಅದು ಕಾಣುತ್ತಿರಲಿಲ್ಲ.

ತಂಡದಲ್ಲಿ ಆಡುವ ಜಾಗ ನೋಡಿಯೂ ಸ್ಕೋರ್ ಬದಲಾಗುತ್ತದೆ. ಸಾಮಾನ್ಯವಾಗಿ ನಡುವೆ ಆಡುವ ಮಿಡ್‌ಫೀಲ್ಡರ್, ಅಂಚಿನಲ್ಲಿ ಆಡುವ ವಿಂಗ್ ಬ್ಯಾಕ್‌ಗಳು ಸ್ಕೋರ್‌ನಲ್ಲಿ ಮುಂದೆ, ಗೋಲಿನ ಮುಂದೆ ಕಾಯುವ ಸ್ಟಾಪರ್ ಬ್ಯಾಕ್ ಹಿಂದೆ. ಗೋಲಿಗಂತೂ ಈ ಗೆರೆ ಹಾಕಲೇಬೇಡಿ. ನನ್ನ ಮಾತು ಇಷ್ಟೇ: ಇದು ಜರಡಿ ಅಲ್ಲ, ತಕ್ಕಡಿ. ಹುಡುಗನನ್ನು ಅವನ ಹಿಂದಿನ ಸ್ಕೋರ್ ಜೊತೆ ತೂಗಿ. ಜೂನ್‌ನಲ್ಲಿ 900 ಇದ್ದವನು ಆಗಸ್ಟ್‌ನಲ್ಲಿ 1200 ಓಡಿದರೆ ನಿಮ್ಮ ಪ್ರಾಕ್ಟೀಸ್ ಕೆಲಸ ಮಾಡಿದೆ. 900 ಇದ್ದವನು 940 ಓಡಿದರೆ ಏನೂ ಆಗಿಲ್ಲ, ಪಾರ್ಟಿ ಕೇಳಬೇಡಿ. 1200 ಇದ್ದವನು 900ಕ್ಕೆ ಇಳಿದರೆ ಬೈಯುವ ಮುಂಚೆ ಕೂರಿಸಿಕೊಂಡು ಮಾತಾಡಿಸಿ. ಜ್ವರ ಬಂದಿತ್ತಾ, ಮನೆಯಲ್ಲಿ ಏನಾದರೂ ಆಗಿದೆಯಾ, ಊಟ ಸರಿಯಾಗಿದೆಯಾ.

ತಕ್ಕಡಿ ಅಂದ ಮೇಲೆ ಬಟ್ಟು ಸರಿಯಾಗಿರಬೇಕು. ನನ್ನದೇ ಎಡವಟ್ಟು ಒಂದು ಹೇಳಿಬಿಡುತ್ತೇನೆ. ಶುರುವಿನ ವರ್ಷಗಳಲ್ಲಿ ಒಂದು ದಿನ ಅಳತೆ ಟೇಪು ಮರೆತು ಹೋಗಿದ್ದೆ. ಇಪ್ಪತ್ತು ಹೆಜ್ಜೆ ಹಾಕಿ ಕೋನ್ ಇಟ್ಟೆ. ಹೆಜ್ಜೆ ಸ್ವಲ್ಪ ಧಾರಾಳವಾಗಿತ್ತು. ಅವತ್ತು ಇಡೀ ತಂಡದ ಸ್ಕೋರ್ ಕುಸಿಯಿತು. ಎಲ್ಲರಿಗೂ ಸೋಮಾರಿಗಳು ಅಂತ ಬೈದೆ. ಸಂಜೆ ಅನುಮಾನ ಬಂದು ಟೇಪು ತಂದು ಅಳೆದರೆ 21 ಮೀಟರ್! ಒಂದು ಮೀಟರ್ ತಾನೇ ಅನ್ನಬೇಡಿ. 20ಕ್ಕೆ ಒಂದು ಅಂದರೆ 5 ಪರ್ಸೆಂಟ್. ಗಂಟೆಗೆ 14.5 ಕಿಲೋಮೀಟರ್ ವೇಗದ ಹಂತದಲ್ಲಿ ಹುಡುಗರು 15.2ರಲ್ಲಿ ಓಡಬೇಕಾಗಿ ಬಂತು. ಅಂದರೆ ಒಂದು ಹಂತ ಪೂರ್ತಿ ಮೇಲೆ. ಮಾರನೆಯ ದಿನ ಅವರ ಮುಂದೆ ತಪ್ಪು ಒಪ್ಪಿಕೊಂಡೆ. ಅದರಲ್ಲೊಬ್ಬ "ಪರವಾಗಿಲ್ಲ ಸಾರ್, ಆದ್ರೆ ಬೈದಿದ್ದು ವಾಪಸ್ ತಗೊಳ್ಳಿ" ಅಂದ. ತಗೊಂಡೆ.

ಕ್ಯಾಸೆಟ್ ಕಾಲದಲ್ಲಿ ಇನ್ನೊಂದು ಕಾಟ ಇತ್ತು. ಟೇಪು ಎಳೆದುಕೊಂಡರೆ, ಬ್ಯಾಟರಿ ಇಳಿದರೆ ಬೀಪ್ ನಿಧಾನವಾಗುತ್ತಿತ್ತು. ಬೀಪ್ ಟೆಸ್ಟ್ ಕ್ಯಾಸೆಟ್ಟಿನ ಶುರುವಿನಲ್ಲಿ ಸರಿಯಾಗಿ ಒಂದು ನಿಮಿಷದ ಅಂತರ ಕೊಟ್ಟಿರುತ್ತಿದ್ದರು, ಸ್ಟಾಪ್‌ವಾಚ್ ಹಿಡಿದು ತಾಳೆ ನೋಡಲಿ ಅಂತ. ಈಗ ಮೊಬೈಲು, ಬ್ಲೂಟೂತ್ ಸ್ಪೀಕರು. ಆ ಚಿಂತೆ ಇಲ್ಲ. ನಡುವೆ ಯಾರೋ ಫೋನ್ ಮಾಡಿದರೆ ಬೀಪ್ ನಿಂತು ರಿಂಗ್‌ಟೋನ್ ಶುರುವಾಗುತ್ತದೆ, ಅಷ್ಟೇ. ಏರೋಪ್ಲೇನ್ ಮೋಡ್ ಹಾಕಿಕೊಳ್ಳಿ.

ಉಳಿದ ನಿಯಮ ಬೇಗ ಹೇಳಿ ಮುಗಿಸುತ್ತೇನೆ. ಕಾಲು ಗೆರೆ ಮುಟ್ಟಲೇಬೇಕು. ಬೀಪ್‌ಗೆ ಮೊದಲ ಸಲ ತಡವಾದರೆ ಎಚ್ಚರಿಕೆ, ಎರಡನೇ ಸಲಕ್ಕೆ ಮುಗಿಯಿತು. ತಿರುಗುವಾಗ ಅರ್ಧಚಂದ್ರ ಬಳಸಿ ಬರುವ ಹುಡುಗರಿರುತ್ತಾರೆ, ಅವರು ಪಾಪ ಪ್ರತಿ ಸಲ ಒಂದೆರಡು ಹೆಜ್ಜೆ ದಂಡ ಕಟ್ಟುತ್ತಾರೆ. ನೇರ ಹೋಗಿ, ಮೈ ತಗ್ಗಿಸಿ, ನೇರ ತಿರುಗಲು ಮೊದಲೇ ಕಲಿಸಿ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು. ಹಿಂದಿನ ಸಲ ಹುಲ್ಲಿನ ಮೇಲೆ ಸ್ಟಡ್ (ಮುಳ್ಳಿನ ಬೂಟು) ಹಾಕಿ ಓಡಿದ್ದರೆ ಈ ಸಲವೂ ಅದೇ. ಮೇ ತಿಂಗಳ ಮಧ್ಯಾಹ್ನ ಮಂಗಳೂರಿನ ಸೆಕೆಯಲ್ಲಿ ಓಡಿದ ಸ್ಕೋರನ್ನು ಡಿಸೆಂಬರ್ ಬೆಳಿಗ್ಗೆ ಬೆಂಗಳೂರಿನಲ್ಲಿ ಓಡಿದ ಸ್ಕೋರಿಗೆ ಹೋಲಿಸಬೇಡಿ. ಅದು ಬೇರೆ ಪರೀಕ್ಷೆ ಅಂತಲೇ ತಿಳಿಯಿರಿ.

ಅಲ್ಲಿ ಒಬ್ಬ ತಾಯಿ ಕೈ ಎತ್ತಿದ್ದಾರೆ. "ನಮ್ಮ ಮಗನಿಗೆ ಹನ್ನೊಂದು ವರ್ಷ. ಹೀಗೆ ಬೀಳುವವರೆಗೆ ಓಡಿಸಬಹುದಾ?" ಅಮ್ಮ, ಹನ್ನೊಂದು ವರ್ಷದವನಿಗೆ ಈ ಪರೀಕ್ಷೆ ಹಾಗೇ ಕೊಡುವುದು ನನಗೂ ಇಷ್ಟವಿಲ್ಲ. ನಾಲ್ಕನೇ ಓಟ ಮುಗಿಯುವಷ್ಟರಲ್ಲಿ ವೇಗ 13 ಮುಟ್ಟಿರುತ್ತದೆ. ಎರಡು ಮೂರು ನಿಮಿಷದಲ್ಲಿ ಮಗು ಹೊರಗೆ. ಅದರಿಂದ ನಮಗೂ ಏನೂ ತಿಳಿಯಲ್ಲ, ಅವನಿಗೆ ಎಲ್ಲರ ಮುಂದೆ ಸೋತ ನೆನಪು ಉಳಿಯುತ್ತದೆ. ಮಕ್ಕಳಿಗಾಗಿಯೇ 16 ಮೀಟರ್‌ನ ರೂಪ ಇದೆ. ಲೆಜೇ ಅವರ ಬೀಪ್ ಟೆಸ್ಟ್ ಮೆಲ್ಲಗೆ ಶುರುವಾಗುವುದರಿಂದ ಅದೂ ಆಗುತ್ತದೆ. ಶಾಲೆಗಳಲ್ಲಿ ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಗೆ 600 ಮೀಟರ್ ಓಟ ಇದ್ದೇ ಇದೆ. ಇನ್ನೊಂದು ಮಾತು. ಒಂದೇ ತರಗತಿಯ ಹದಿಮೂರು ವರ್ಷದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬ ಇನ್ನೂ ಮಗು. ಅವರಿಬ್ಬರ ಸ್ಕೋರ್ ಹೋಲಿಸಿದರೆ ನೀವು ಅಳೆಯುತ್ತಿರುವುದು ದಮ್ಮನ್ನಲ್ಲ, ಯಾರು ಮೊದಲು ಬೆಳೆದರು ಅನ್ನೋದನ್ನು.

ಓಡುವಾಗ ಎದೆ ನೋವು ಬಂದಿದ್ದರೆ, ಒಮ್ಮೆಯಾದರೂ ತಲೆ ಸುತ್ತಿ ಬಿದ್ದಿದ್ದರೆ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ಹಠಾತ್ತಾಗಿ ಹೋಗಿದ್ದರೆ, ಮೊದಲು ಡಾಕ್ಟರ್ ಹತ್ತಿರ, ಆಮೇಲೆ ಮೈದಾನಕ್ಕೆ. ಕೋಚ್‌ಗಳೇ, ಇದನ್ನು ನೀವಾಗಿ ಕೇಳಬೇಕು. ತಂಡದಿಂದ ಕೈಬಿಡುತ್ತಾರೆ ಅನ್ನುವ ಭಯಕ್ಕೆ ಹುಡುಗರು ತಾವಾಗಿ ಹೇಳಲ್ಲ.

ಬೀಳುವವರೆಗೆ ಓಡಿಸದೆಯೂ ಒಂದು ದಾರಿ ಇದೆ, ನಾನು ಸೀಸನ್ ನಡುವೆ ಬಳಸುವುದು ಇದನ್ನೇ. ಅದೇ ಪರೀಕ್ಷೆ, ಆದರೆ ಆರು ನಿಮಿಷಕ್ಕೆ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸುವುದು. ಆ ಹೊತ್ತಿಗೆ ಅವರು 14ನೇ ಹಂತದ ಒಳಗೇ ಇರುತ್ತಾರೆ. ಸ್ವಲ್ಪ ಪಳಗಿದ ಹುಡುಗರಿಗೆ ಕಷ್ಟ ಅನ್ನಿಸುತ್ತದೆ, ಸುಸ್ತಾಗಿ ಬೀಳುವುದಿಲ್ಲ. ನಿಂತ ತಕ್ಷಣ ಹೃದಯದ ಬಡಿತ ನೋಡಿ. ಎದೆಗೆ ಕಟ್ಟುವ ಬೆಲ್ಟ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕುತ್ತಿಗೆ ಪಕ್ಕ ಬೆರಳಿಟ್ಟು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ, ಅಂದಾಜಿಗೆ ಸಾಕು. ಕ್ರುಸ್ಟ್ರುಪ್ ಅವರ ಅಧ್ಯಯನದಲ್ಲೇ ಇದೂ ಕಂಡಿತ್ತು. ಆರನೇ ನಿಮಿಷದಲ್ಲಿ ಯಾರ ಬಡಿತ ಅವರ ಗರಿಷ್ಠಕ್ಕಿಂತ ಚೆನ್ನಾಗಿ ಕೆಳಗಿತ್ತೋ, ಪೂರ್ತಿ ಪರೀಕ್ಷೆಯಲ್ಲಿ ಅವರೇ ಹೆಚ್ಚು ದೂರ ಓಡಿದರು. ಹೋದ ತಿಂಗಳು ಆರನೇ ನಿಮಿಷಕ್ಕೆ 184 ಬಡಿಯುತ್ತಿದ್ದ ಹೃದಯ ಈ ತಿಂಗಳು 172 ಬಡಿದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು. ಮಾರನೆಯ ದಿನ ಪಂದ್ಯವಿದ್ದರೂ ಹುಡುಗ ಆಡಬಲ್ಲ.

ಸರಿ, ಬಿಸಿಲು ಇಳಿದಿದೆ. ಇನ್ನು ಮಾತು ಸಾಕು, ಹೊರಗೆ ಹೋಗಿ ಒಮ್ಮೆ ಮಾಡಿ ನೋಡೋಣ. ಆರು ನಿಮಿಷದ್ದೇ ಮಾಡೋಣ, ಗಾಬರಿ ಬೇಡ. ಓಡಲು ಎಂಟು ಜನ ಮೇಷ್ಟ್ರು ಬನ್ನಿ. ಇಬ್ಬರು ಕೋನ್ ಹಿಡಿದುಕೊಳ್ಳಿ. ಟೇಪು ನನ್ನ ಚೀಲದಲ್ಲಿದೆ, ಇವತ್ತು ಮರೆತಿಲ್ಲ.